ಧ್ಯೇಯ ಈಡೇರಿದ ಮೇಲೆ

ಕಂಪೆನಿಯೊಂದಕ್ಕೆ ಹೊಸ ಮುಖ್ಯಸ್ಥರು ಬಂದಾಗ ಅವರನ್ನು ಕೇಳುವ ಪ್ರಶ್ನೆ ಈಗ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿದೆ. ಸಂಸ್ಥೆಯ ಧ್ಯೇಯವನ್ನೂ ಬೆಳವಣಿಗೆಯನ್ನೂ ನೀವು ಹೇಗೆ ಸರಿದೂಗಿಸುತ್ತೀರಿ? ಉತ್ತರವೂ ನಿಗದಿಯಾಗಿದೆ. ಎರಡೂ ನಮಗೆ ಮುಖ್ಯ, ಎರಡರ ನಡುವೆ ಸಮತೋಲನ ಸಾಧಿಸುತ್ತೇವೆ. ಕೇಳಿದವರಿಗೂ ತೃಪ್ತಿ, ಹೇಳಿದವರಿಗೂ ತೃಪ್ತಿ.

ಸಮತೋಲನ ಎಂಬ ಮಾತು ತೂಗುವುದಕ್ಕೆ ಸಂಬಂಧಿಸಿದ್ದು. ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲು. ಅಕ್ಕಿ ಬೇರೆ, ಕಬ್ಬಿಣ ಬೇರೆ. ಆದರೆ ಭಾರ ಎಂಬುದು ಎರಡಕ್ಕೂ ಇರುವುದರಿಂದ ತೂಗಲು ಸಾಧ್ಯವಾಗುತ್ತದೆ. ಬೆಳವಣಿಗೆಯ ಭಾರವನ್ನು ಮೂರು ತಿಂಗಳಿಗೊಮ್ಮೆ ಡಾಲರುಗಳಲ್ಲಿ ಬರೆದಿಡಬಹುದು. ಧ್ಯೇಯದ ಭಾರವನ್ನು ಯಾವುದರಲ್ಲಿ ಬರೆಯುವುದು? ಲೆಕ್ಕಕ್ಕೆ ಸಿಗುವುದನ್ನೂ ಸಿಗದಿರುವುದನ್ನೂ ಒಂದೇ ತಕ್ಕಡಿಗೆ ಹಾಕಿದರೆ ಯಾವ ತಟ್ಟೆ ಕೆಳಗಿಳಿಯುತ್ತದೆ ಎಂದು ತಿಳಿಯಲು ದೊಡ್ಡ ಬುದ್ಧಿವಂತಿಕೆ ಬೇಕಾಗಿಲ್ಲ.

ಧ್ಯೇಯ ಮತ್ತು ಬೆಳವಣಿಗೆಯ ಜಗಳವೆಂದರೆ ಒಳ್ಳೆಯತನ ಮತ್ತು ದುರಾಸೆಯ ಜಗಳ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅಂಥ ಜಗಳಗಳು ಇವೆ, ಮುಂದೆ ಒಂದನ್ನು ನೋಡಲಿದ್ದೇವೆ. ಆದರೆ ಅದಕ್ಕಿಂತ ಕಠಿಣವಾದ ಇನ್ನೊಂದು ಸ್ಥಿತಿಯಿದೆ. ಸಂಸ್ಥೆ ಕೆಟ್ಟದ್ದೇನೂ ಮಾಡಿಲ್ಲ, ಹೇಳಿದಂತೆಯೇ ನಡೆದಿದೆ, ಅದರ ಧ್ಯೇಯ ಬಹುಮಟ್ಟಿಗೆ ಈಡೇರಿದೆ. ಆ ಕಾರಣದಿಂದಲೇ ಅದರ ಬೆಳವಣಿಗೆ ನಿಂತುಹೋಗುತ್ತದೆ. ಆಗ ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತವರು ಏನು ಮಾಡಬೇಕು?

ಇದು ಬರೀ ಊಹೆಯ ಪ್ರಶ್ನೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಡಿಯೋ ಎಂಬ ಸಲಹಾ ಸಂಸ್ಥೆ ಇದನ್ನು ನಮ್ಮ ಕಣ್ಣೆದುರೇ ಅನುಭವಿಸಿತು. ಡೇವಿಡ್ ಕೆಲ್ಲಿ, ಬಿಲ್ ಮಾಗ್ರಿಜ್, ಮೈಕ್ ನಟ್ಟಲ್ ಎಂಬ ಮೂವರು ವಿನ್ಯಾಸಕಾರರ ಸಂಸ್ಥೆಗಳು 1991ರಲ್ಲಿ ಒಂದಾಗಿ ಐಡಿಯೋ ಆಯಿತು. ಅದಕ್ಕೂ ಮೊದಲೇ ಕೆಲ್ಲಿಯವರ ತಂಡ ಆಪಲ್ ಕಂಪೆನಿಗಾಗಿ ಕಂಪ್ಯೂಟರ್ ಮೌಸ್ ರೂಪಿಸಿತ್ತು. ಮಡಚುವ ಲ್ಯಾಪ್‌ಟಾಪ್‌ಗಳ ಹಿರಿಯಣ್ಣ ಎನ್ನಬಹುದಾದ ಗ್ರಿಡ್ ಕಂಪಾಸ್ ಮಾಗ್ರಿಜ್ ಅವರ ಕೈಯಿಂದ ಬಂದಿತ್ತು. ಸ್ನೇಹಿತರ ಜೊತೆ ಸೇರಿ ಕೆಲಸ ಮಾಡಬೇಕೆಂಬ ಆಸೆಯೇ ಕೆಲ್ಲಿಯವರನ್ನು ಕಂಪೆನಿ ಕಟ್ಟಲು ಹಚ್ಚಿದ್ದು. ಅಂದರೆ ಮೊದಲ ಧ್ಯೇಯ ಅಷ್ಟು ಸರಳವಾಗಿತ್ತು.

ಕಾಲಕ್ರಮೇಣ ಐಡಿಯೋ ವಸ್ತುಗಳ ವಿನ್ಯಾಸಕ್ಕಿಂತ ಹೆಚ್ಚಾಗಿ ನೋಡುವ ಒಂದು ಕ್ರಮವನ್ನು ಮಾರತೊಡಗಿತು. ಅದಕ್ಕೆ ಡಿಸೈನ್ ಥಿಂಕಿಂಗ್ ಎಂಬ ಹೆಸರು ಜನಪ್ರಿಯವಾಯಿತು. ಹೆಸರು ದೊಡ್ಡದು, ಒಳಗಿನ ತಿರುಳು ಸರಳ: ಪರಿಹಾರ ಹೇಳುವ ಮೊದಲು, ಕಷ್ಟದಲ್ಲಿರುವವರ ಪಕ್ಕದಲ್ಲಿ ಕುಳಿತು ಅವರ ದಿನಚರಿಯನ್ನು ನೋಡು.

ಇದರ ಬೆಲೆ ತಿಳಿಯಬೇಕಾದರೆ ಹೈದರಾಬಾದಿನ ಹೊರವಲಯಕ್ಕೆ ಹೋಗಬೇಕು. 2000ದಿಂದ 2019ರವರೆಗೆ ಐಡಿಯೋದ ಮುಖ್ಯಸ್ಥರಾಗಿದ್ದ ಟಿಮ್ ಬ್ರೌನ್ ಮತ್ತು ಅವರ ಸಹೋದ್ಯೋಗಿ ಜೋಸೆಲಿನ್ ವ್ಯಾಟ್ 2010ರಲ್ಲಿ ಬರೆದ ಲೇಖನವೊಂದು ಅಲ್ಲಿಂದಲೇ ಆರಂಭವಾಗುತ್ತದೆ. ಒಬ್ಬ ಗೃಹಿಣಿ ದಿನಾಲೂ ಮನೆಯ ಹತ್ತಿರದ ಕೊಳವೆಬಾವಿಯಿಂದ ನೀರು ತರುತ್ತಾಳೆ. ಆ ನೀರಿನಿಂದ ಮನೆಮಂದಿಗೆ ಆಗಾಗ ಕಾಯಿಲೆ ಬರುತ್ತದೆ. ನಡೆದು ಹೋಗುವಷ್ಟು ದೂರದಲ್ಲಿಯೇ ನಾಂದಿ ಫೌಂಡೇಶನ್‌ನ ಶುದ್ಧ ನೀರಿನ ಘಟಕವಿದೆ, ದರವೂ ಕೈಗೆಟುಕುವಂಥದ್ದು. ಆದರೂ ಅವಳು ಅಲ್ಲಿಗೆ ಹೋಗುವುದಿಲ್ಲ. ಕಚೇರಿಯಲ್ಲಿ ಕುಳಿತು ಯೋಚಿಸುವವರು ತಕ್ಷಣ ಏನು ಹೇಳುತ್ತಾರೆ? ತಿಳುವಳಿಕೆ ಇಲ್ಲ, ಜಾಗೃತಿ ಮೂಡಿಸಬೇಕು, ಬೀದಿ ನಾಟಕ ಆಡಿಸಬೇಕು.

ನಿಜವಾದ ಕಾರಣ ಕ್ಯಾನಿನಲ್ಲಿತ್ತು. ಘಟಕದಲ್ಲಿ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಚೌಕಾಕಾರದ ಪ್ಲಾಸ್ಟಿಕ್ ಕ್ಯಾನನ್ನೇ ತರಬೇಕೆಂಬ ನಿಯಮ. ತುಂಬಿದ ಕ್ಯಾನು ತಲೆಯ ಮೇಲೂ ಕೂರುವುದಿಲ್ಲ, ಸೊಂಟದ ಮೇಲೂ ನಿಲ್ಲುವುದಿಲ್ಲ. ಅವಳು ಕೊಳವೆಬಾವಿಗೆ ಒಯ್ಯುವ ಪಾತ್ರೆ ಹಿಡಿಯುವುದು ಸುಮಾರು 11 ಲೀಟರ್, ಅದನ್ನು ತಲೆಯ ಮೇಲಿಟ್ಟು ಸಲೀಸಾಗಿ ನಡೆಯಬಹುದು. ಗಂಡ ಹೊತ್ತು ತರೋಣವೆಂದರೆ ಅವನು ಪೇಟೆಯ ಕೆಲಸ ಮುಗಿಸಿ ಮರಳುವಷ್ಟರಲ್ಲಿ ಘಟಕ ಮುಚ್ಚಿರುತ್ತದೆ. ಇನ್ನು ತಿಂಗಳ ಕಾರ್ಡು ಕೊಂಡರೆ ಬೇಕಾಗಲಿ ಬೇಡವಾಗಲಿ ದಿನಕ್ಕೆ ಐದು ಗ್ಯಾಲನ್‌ಗೆ ಹಣ ಕಟ್ಟಬೇಕು. ಮನೆಗೆ ಅಷ್ಟು ನೀರು ಬೇಡ. ಬೇಡದ್ದಕ್ಕೆ ದುಡ್ಡು ಯಾಕೆ ಕೊಡಬೇಕು ಎಂಬುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನಿದೆ? ಘಟಕ ಕಟ್ಟಿದವರ ಮನಸ್ಸು ಒಳ್ಳೆಯದೇ. ಆದರೆ ಒಬ್ಬ ಹೆಣ್ಣುಮಗಳು ನೀರನ್ನು ಹೇಗೆ ಎತ್ತಿಕೊಳ್ಳುತ್ತಾಳೆ ಎಂಬುದನ್ನು ನಿಂತು ನೋಡುವ ಕೆಲಸ ಬಾಕಿ ಉಳಿದಿತ್ತು. ದಾನ ಕೊಡುವ ಕೈಗಳಿಗೆ ಈ ಪಾಠದ ಅಗತ್ಯ ನಮ್ಮೂರುಗಳಲ್ಲೂ ಬೇಕಾದಷ್ಟಿದೆ.

ಹೀಗೆ ನೋಡುವುದನ್ನು ಕಲಿಸುವುದು ಒಂದು ಸಂಸ್ಥೆಯ ಧ್ಯೇಯವಾದರೆ ಅದನ್ನು ನಾವು ಮೆಚ್ಚಲೇಬೇಕು. ತೊಡಕು ಸಂಪಾದನೆಯಲ್ಲಿದೆ. ಸಲಹಾ ಸಂಸ್ಥೆಗೆ ಗೋದಾಮಿಲ್ಲ, ಸರಕಿಲ್ಲ. ಅದು ಮಾರುವುದು ತನ್ನ ಜನರ ಹೊತ್ತನ್ನು. ಇಷ್ಟು ಮಂದಿ ಇಷ್ಟು ವಾರ ನಿಮಗಾಗಿ ದುಡಿಯುತ್ತಾರೆ, ಇಷ್ಟು ಶುಲ್ಕ. ಇವತ್ತು ಮಾರಾಟವಾಗದ ಗಂಟೆಯನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ. ಸಂಜೆಯ ಹೊತ್ತಿಗೆ ಮೀನು ಮಾರುವವನ ಪಾಡು ಇದಕ್ಕಿಂತ ಭಿನ್ನವಲ್ಲ. ಬೆಳೆಯುವುದು ಎಂದರೆ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದು ಮತ್ತು ಅವರ ಗಂಟೆಗಳಿಗೆಲ್ಲ ಗಿರಾಕಿ ಹುಡುಕುವುದು. ಆ ಗಂಟೆಯ ಬೆಲೆ ಕೊಡುವ ಶಕ್ತಿ ಬ್ಯಾಂಕುಗಳಿಗಿದೆ, ಔಷಧ ಕಂಪೆನಿಗಳಿಗಿದೆ, ಕಾರು ತಯಾರಕರಿಗಿದೆ. ನೀರು ಹೊರುವ ಗೃಹಿಣಿಗೆ ಇಲ್ಲ.

ಐಡಿಯೋ ಇದಕ್ಕೆ ಕಂಡುಕೊಂಡ ದಾರಿ ಮನೆಯನ್ನು ಎರಡು ಮಾಡುವುದು. 2011ರಲ್ಲಿ ಐಡಿಯೋ ಡಾಟ್ ಆರ್ಗ್ ಎಂಬ ಲಾಭರಹಿತ ಸಂಸ್ಥೆ ಪ್ರತ್ಯೇಕವಾಗಿ ಹುಟ್ಟಿತು. ಬಡತನ, ಆರೋಗ್ಯ, ನೀರು ಇವೆಲ್ಲ ಅದರ ಪಾಲಿಗೆ. ದೊಡ್ಡ ಕಂಪೆನಿಗಳ ಕೆಲಸ ಮೂಲ ಸಂಸ್ಥೆಯ ಪಾಲಿಗೆ. ವ್ಯವಹಾರದ ದೃಷ್ಟಿಯಿಂದ ಇದು ಅಚ್ಚುಕಟ್ಟು. ದಾನಿಗಳ ಹಣ ಒಂದು ಕಡೆ, ಗಿರಾಕಿಗಳ ಹಣ ಇನ್ನೊಂದು ಕಡೆ, ಲೆಕ್ಕ ಬೆರೆಯುವುದಿಲ್ಲ. ಆದರೆ ನೈತಿಕವಾಗಿ? ಕಾಯಕ ಮತ್ತು ದಾಸೋಹಗಳನ್ನು ಒಟ್ಟಿಗೆ ಹೇಳಿದ ನಾಡು ನಮ್ಮದು. ಕಾಯಕ ಶುದ್ಧವಾಗಿದ್ದರೆ ತಾನೇ ಅದರಿಂದ ಬರುವ ದಾಸೋಹಕ್ಕೆ ಬೆಲೆ. ದಾಸೋಹಕ್ಕೆ ಬೇರೆ ಮನೆ ಕಟ್ಟಿಕೊಟ್ಟ ಮೇಲೆ, ಕಾಯಕದ ಮನೆಯಲ್ಲಿ ಕುಳಿತವರಿಗೆ ತಮ್ಮ ಗಿರಾಕಿ ಯಾರು, ಅವನು ಈ ಸಲಹೆಯಿಂದ ಏನು ಮಾಡುತ್ತಾನೆ ಎಂದು ಕೇಳಿಕೊಳ್ಳುವ ಹೊಣೆ ಹಗುರವಾಗಿಬಿಡುತ್ತದೆ. ಪುಣ್ಯದ ಕೆಲಸ ಪಕ್ಕದ ಮನೆಯಲ್ಲಿ ನಡೆಯುತ್ತಿದೆಯಲ್ಲ! ಇದು ಐಡಿಯೋವೊಂದಕ್ಕೇ ಹೇಳಬೇಕಾದ ಮಾತಲ್ಲ. ತಮ್ಮ ಹೆಸರಿನ ಪ್ರತಿಷ್ಠಾನಗಳನ್ನು ತೆರೆದಿರುವ ನಮ್ಮ ಉದ್ಯಮಿಗಳಿಗೂ ಅನ್ವಯಿಸುತ್ತದೆ.

ಧ್ಯೇಯದ ವಿಷಯದಲ್ಲಿ ಐಡಿಯೋ ಮಾಡಿದ ಪ್ರಾಮಾಣಿಕ ಕೆಲಸವೆಂದರೆ ತನ್ನ ವಿದ್ಯೆಯನ್ನು ಬಚ್ಚಿಡದಿದ್ದುದು. 2009ರಲ್ಲಿ ಗೇಟ್ಸ್ ಫೌಂಡೇಶನ್‌ನ ನೆರವಿನಿಂದ ತನ್ನ ವಿಧಾನದ ಕೈಪಿಡಿಯನ್ನು ಸಿದ್ಧಪಡಿಸಿ ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಮಾಡಿತು. ಡೇವಿಡ್ ಕೆಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಿ-ಸ್ಕೂಲ್ ಕಟ್ಟಿದರು. ಅದಕ್ಕೆ ಹಣ ಕೊಟ್ಟವರು ಎಸ್ಎಪಿ ಎಂಬ ಜರ್ಮನ್ ಸಾಫ್ಟ್‌ವೇರ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಹಾಸೊ ಪ್ಲಾಟ್ನರ್. ಅದೇ ಎಸ್ಎಪಿಯಲ್ಲಿ ಉನ್ನತ ಹುದ್ದೆಯಲ್ಲಿದ್ದ ವಿಶಾಲ್ ಸಿಕ್ಕಾ 2014ರಲ್ಲಿ ಬೆಂಗಳೂರಿನ ಇನ್ಫೋಸಿಸ್‌ಗೆ ಮುಖ್ಯಸ್ಥರಾಗಿ ಬಂದರು. ಸ್ಥಾಪಕರಲ್ಲದ ಮೊದಲ ಮುಖ್ಯಸ್ಥರು ಅವರು.

ಕ್ಯಾಲಿಫೋರ್ನಿಯಾದ ಕಥೆ ಇಲ್ಲಿ ನಮ್ಮ ಮನೆಬಾಗಿಲಿಗೇ ಬರುತ್ತದೆ. ಸಿಕ್ಕಾ ಅವರು ಹೇಳಿದ ಧ್ಯೇಯ ಉದಾತ್ತವಾದದ್ದು: ನಮ್ಮ ಇಂಜಿನಿಯರುಗಳು ಹೇಳಿದಷ್ಟನ್ನೇ ಮಾಡಿಕೊಡುವವರಾಗಬಾರದು, ಮಾಡಬೇಕಾದದ್ದು ಯಾವುದು ಎಂದು ತಾವೇ ಕಂಡುಹಿಡಿಯುವವರಾಗಬೇಕು. ಕೆಲವೇ ವರ್ಷಗಳಲ್ಲಿ ಇನ್ಫೋಸಿಸ್ ಒಂದು ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿಗೆ ಡಿಸೈನ್ ಥಿಂಕಿಂಗ್ ತರಬೇತಿ ಕೊಟ್ಟಿತು. ಆದರೆ ಅದರ ಜೊತೆಗೇ ಬೆಳವಣಿಗೆಯ ಗುರಿಯೂ ಗೋಡೆಯ ಮೇಲೆ ಬಿತ್ತು: 2020ಕ್ಕೆ 20 ಬಿಲಿಯನ್ ಡಾಲರ್ ಆದಾಯ. ವಿವಾದಗಳ ನಡುವೆ 2017ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ಅಂಕಿ ಆ ಹೊತ್ತಿಗೆ ದೂರವೇ ಉಳಿಯಿತು. ಪಕ್ಕದಲ್ಲಿ ಕುಳಿತು ನಿಧಾನವಾಗಿ ನೋಡುವ ವಿದ್ಯೆಯನ್ನು ಲಕ್ಷ ಮಂದಿಗೆ ಸಗಟಾಗಿ ಹಂಚಿದಾಗ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬ ಸಂದೇಹ ನಮಗಿದೆ. ಏನೂ ಉಳಿಯುವುದಿಲ್ಲ ಎಂದೂ ಹೇಳಲಾರೆವು.

ಇದು ಇನ್ಫೋಸಿಸ್‌ನಲ್ಲಿ ಮಾತ್ರ ನಡೆದದ್ದಲ್ಲ. ಐಬಿಎಂ ನೂರಾರು ವಿನ್ಯಾಸಕಾರರನ್ನು ತನ್ನಲ್ಲೇ ನೇಮಿಸಿಕೊಂಡಿತು. ಅಕ್ಸೆಂಚರ್ 2013ರಲ್ಲಿ ಫ್ಯೋರ್ಡ್ ಎಂಬ ವಿನ್ಯಾಸ ಸಂಸ್ಥೆಯನ್ನೂ, ಮೆಕಿನ್ಸೆ 2015ರಲ್ಲಿ ಲೂನಾರ್ ಎಂಬುದನ್ನೂ ಕೊಂಡುಕೊಂಡವು. ಅಡುಗೆಯ ಗುಟ್ಟು ಊರಿಗೆಲ್ಲ ಗೊತ್ತಾಯಿತು. ಊಟದ ಮನೆಗೆ ಬರುವ ಗಿರಾಕಿ ಕಡಿಮೆಯಾದ. ಧ್ಯೇಯ ಗೆದ್ದಿತು ಎಂದರೆ ಇದೇ ಅಲ್ಲವೇ? ತಾವು ಕಲಿಸಬೇಕೆಂದಿದ್ದನ್ನು ಲೋಕ ಕಲಿಯಿತು.

2019ರಲ್ಲಿ ಟಿಮ್ ಬ್ರೌನ್ ಅವರ ಜಾಗಕ್ಕೆ ಬಂದವರು ಸ್ಯಾಂಡಿ ಸ್ಪೈಕರ್. ಶಿಕ್ಷಣ ಕ್ಷೇತ್ರದಲ್ಲಿ ದುಡಿದವರು. ಪೆರು ದೇಶದಲ್ಲಿ ಕೆಳ ಮಧ್ಯಮ ವರ್ಗಕ್ಕೆ ಎಟಕುವ ಶುಲ್ಕದ ಇನ್ನೋವಾ ಶಾಲೆಗಳನ್ನು ರೂಪಿಸುವ ಕೆಲಸದಲ್ಲಿ ಮುಂದಾಳಾಗಿದ್ದವರು. ಧ್ಯೇಯದ ಮಾತಿಗೆ ಅದು ಸುಗ್ಗಿಯ ಕಾಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಬಿಸಿನೆಸ್ ರೌಂಡ್‌ಟೇಬಲ್‌ನ 181 ಮುಖ್ಯಸ್ಥರು, ಕಂಪೆನಿಗಳು ಷೇರುದಾರರಿಗಷ್ಟೇ ಅಲ್ಲ, ನೌಕರರಿಗೂ ಗಿರಾಕಿಗಳಿಗೂ ಸಮುದಾಯಕ್ಕೂ ಬದ್ಧವಾಗಿರಬೇಕು ಎಂಬ ಹೇಳಿಕೆಗೆ ಸಹಿ ಹಾಕಿದರು. ಮರುವರ್ಷ ಕೋವಿಡ್ ಬಂತು. ಸ್ಪೈಕರ್ ಅವರ ಬಳಿಕ ಜಾಹೀರಾತು ಲೋಕದ ಅನುಭವವಿದ್ದ ಡೆರೆಕ್ ರಾಬ್ಸನ್ ಚುಕ್ಕಾಣಿ ಹಿಡಿದರು. 2023ರ ನವೆಂಬರ್‌ನಲ್ಲಿ ಐಡಿಯೋ ತನ್ನ ನೌಕರರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೈಬಿಡುವುದಾಗಿಯೂ ಮ್ಯೂನಿಕ್ ಮತ್ತು ಟೋಕಿಯೋ ಕಚೇರಿಗಳನ್ನು ಮುಚ್ಚುವುದಾಗಿಯೂ ಸುದ್ದಿಯಾಯಿತು.

ಆ ಮೂರನೇ ಒಂದು ಪಾಲಿನ ಬಳಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಇಂಥ ಸಂಸ್ಥೆಗಳಿಗೆ ಸೇರುವ ಯುವಜನರು ಬರೀ ಸಂಬಳ ನೋಡಿ ಸೇರುವುದಿಲ್ಲ. ಧ್ಯೇಯದ ಮಾತು ಅವರನ್ನು ಎಳೆದು ತಂದಿರುತ್ತದೆ. ಅದನ್ನು ನಂಬಿ ರಾತ್ರಿ ಹಗಲು ದುಡಿದಿರುತ್ತಾರೆ. ಸಂಪಾದನೆ ಉಬ್ಬಿದ ವರ್ಷಗಳಲ್ಲಿ ಅವರನ್ನು ಧ್ಯೇಯದ ಹೆಸರಿನಲ್ಲಿ ಕರೆಯಲಾಗುತ್ತದೆ. ಇಳಿದ ವರ್ಷಗಳಲ್ಲಿ ವೆಚ್ಚದ ಹೆಸರಿನಲ್ಲಿ ಕಳುಹಿಸಲಾಗುತ್ತದೆ. ಬರುವಾಗ ಒಂದು ಭಾಷೆ, ಹೋಗುವಾಗ ಇನ್ನೊಂದು ಭಾಷೆ. ಲೋಕದ ಕಷ್ಟವನ್ನು ಹತ್ತಿರದಿಂದ ನೋಡುವ ವಿದ್ಯೆ ಕಲಿತವರು ತಮ್ಮ ಪಕ್ಕದ ಮೇಜಿನವರನ್ನು ಹಾಗೆ ನೋಡಲಾಗದಿದ್ದರೆ, ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆಯನ್ನು ಜನ ನೆನೆಯುವುದು ಸಹಜ. ಬೆಂಗಳೂರಿನಲ್ಲಿ, ಗಲ್ಫ್‌ನಲ್ಲಿ ಕಂಪೆನಿ ಕೆಲಸದಲ್ಲಿರುವ ನಮ್ಮ ಮಕ್ಕಳಿಗೆ ಇಂಥ ಪತ್ರಗಳ ಪರಿಚಯ ಚೆನ್ನಾಗಿಯೇ ಇದೆ.

ಹಾಗೆಂದು ಮುಖ್ಯಸ್ಥನನ್ನು ಖಳನಾಗಿ ಮಾಡುವುದು ಸುಲಭದ ದಾರಿ. ಬಾಡಿಗೆ ಕಟ್ಟಲು ಹಣವಿಲ್ಲದ ಸಂಸ್ಥೆ ಯಾರ ಕಷ್ಟವನ್ನೂ ನೋಡಲಾರದು. ಮೂರರಲ್ಲಿ ಒಬ್ಬರನ್ನು ಕಳುಹಿಸದಿದ್ದರೆ ಮೂವರೂ ಹೋಗಬೇಕಾಗಬಹುದು. ಇನ್ನೂ ಒಂದು ವಾದವಿದೆ: ಸಂಬಳ ವರ್ಷವರ್ಷ ಏರುತ್ತದೆ, ಎಳೆಯರಿಗೆ ಬಡ್ತಿ ಬೇಕು, ಆದ್ದರಿಂದ ನಿಂತಲ್ಲೇ ನಿಂತ ಸಂಸ್ಥೆ ವಾಸ್ತವದಲ್ಲಿ ಕುಗ್ಗುತ್ತಿರುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ಬದುಕುಳಿಯಲು ಬೇಕಾದಷ್ಟು ಬೆಳೆಯುವುದು ಬೇರೆ, ಬೆಳೆಯುವುದಕ್ಕಾಗಿಯೇ ಬದುಕುವುದು ಬೇರೆ. ಸಭೆಗಳಲ್ಲಿ ಎರಡನೆಯದು ಮೊದಲನೆಯದರ ಅಂಗಿ ತೊಟ್ಟು ಬಂದು ಕೂರುತ್ತದೆ. ಈ ಅಂಕಿಯಲ್ಲಿ ನಮ್ಮ ಊಟಕ್ಕೆಷ್ಟು, ಮಾಲಕರ ನಿರೀಕ್ಷೆಗೆಷ್ಟು, ನಮ್ಮ ಪ್ರತಿಷ್ಠೆಗೆಷ್ಟು ಎಂದು ಬಿಡಿಸಿ ಹೇಳುವ ಧೈರ್ಯ ಹೊಸ ಮುಖ್ಯಸ್ಥನಿಗೆ ಇದೆಯೇ ಎಂಬುದೇ ನಮಗೆ ಕಾಣುವ ಮೊದಲ ಪರೀಕ್ಷೆ. ಐಡಿಯೋದಲ್ಲಿಯೂ ಮಾಲಕತ್ವ ಕೈ ಬದಲಿಸಿದೆ. 1996ರಲ್ಲಿ ಪೀಠೋಪಕರಣ ತಯಾರಿಸುವ ಸ್ಟೀಲ್‌ಕೇಸ್ ಕಂಪೆನಿ ದೊಡ್ಡ ಪಾಲು ಕೊಂಡಿತು. ಮುಂದೆ ಐಡಿಯೋದವರೇ ಅದನ್ನು ಹಂತ ಹಂತವಾಗಿ ಮರಳಿ ಪಡೆದರು. 2016ರಲ್ಲಿ ಜಪಾನಿನ ಹಾಕುಹೋಡೊ ಸಮೂಹದ ಕ್ಯು ಎಂಬ ಸಂಸ್ಥೆ ಪಾಲು ಪಡೆಯಿತು. ಹೊರಗಿನ ಹಣ ಒಳಗೆ ಬಂದ ಮೇಲೆ ಸಾಕು ಎಂಬ ಮಾತನ್ನು ಒಬ್ಬರೇ ಹೇಳುವಂತಿಲ್ಲ.

ಧ್ಯೇಯ ಈಡೇರದೆಯೂ ಬೆಳೆಯುತ್ತಲೇ ಹೋಗುವವರ ಕಥೆ ಹೇಗಿರುತ್ತದೆ? ಸಲಹಾ ಲೋಕದ ದೊಡ್ಡಣ್ಣ ಮೆಕಿನ್ಸೆಯನ್ನು ನೋಡಬಹುದು. ಅದನ್ನು ಕಟ್ಟಿ ನಿಲ್ಲಿಸಿದ ಮಾರ್ವಿನ್ ಬೋವರ್ 1963ರಲ್ಲಿ 60 ವರ್ಷ ತುಂಬಿದಾಗ ತಮ್ಮ ಷೇರುಗಳನ್ನು ಪಾಲುದಾರರಿಗೆ ಪುಸ್ತಕ ಬೆಲೆಗೇ ಮರಳಿಸಿದರು. ಮಾರುಕಟ್ಟೆಯ ಬೆಲೆ ಕೇಳಿದ್ದರೆ ಅದರ ಎಷ್ಟೋ ಪಟ್ಟು ಸಿಗುತ್ತಿತ್ತು, ಆದರೆ ಆ ಹೊರೆಯನ್ನು ಮುಂದಿನವರು ಹೊರಬೇಕಾಗುತ್ತಿತ್ತು. ಅದೇ ಸಂಸ್ಥೆ ಮುಂದೆ ಪರ್ಡ್ಯೂ ಫಾರ್ಮಾ ಕಂಪೆನಿಗೆ ಆಕ್ಸಿಕಾಂಟಿನ್ ಎಂಬ ಚಟ ಹತ್ತಿಸುವ ನೋವಿನ ಮಾತ್ರೆಯ ಮಾರಾಟವನ್ನು ಇನ್ನಷ್ಟು ಚುರುಕುಗೊಳಿಸುವ ದಾರಿ ಹೇಳಿಕೊಟ್ಟಿತು. 2021ರ ಫೆಬ್ರವರಿಯಲ್ಲಿ ಅಮೆರಿಕದ ರಾಜ್ಯಗಳೊಂದಿಗೆ ಸುಮಾರು 573 ಮಿಲಿಯನ್ ಡಾಲರ್‌ಗೆ, 2024ರ ಡಿಸೆಂಬರ್‌ನಲ್ಲಿ ನ್ಯಾಯ ಇಲಾಖೆಯೊಂದಿಗೆ 650 ಮಿಲಿಯನ್ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಗಿರಾಕಿಗಳನ್ನು ಆರಿಸುವ ನಿಯಮಗಳನ್ನು ಬಿಗಿಗೊಳಿಸಿದ್ದ ಮುಖ್ಯಸ್ಥ ಕೆವಿನ್ ಸ್ನೀಡರ್ ಅವರನ್ನು ಅದೇ 2021ರ ಫೆಬ್ರವರಿಯಲ್ಲಿ ಪಾಲುದಾರರು ಎರಡನೇ ಅವಧಿಗೆ ಆರಿಸಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಈ ಎರಡು ಸುದ್ದಿಗಳು ಒಂದೇ ತಿಂಗಳಲ್ಲಿ ಬಂದದ್ದನ್ನು ನಾವು ಗಮನಿಸದಿರಲಾರೆವು.

ಮೇಷ್ಟರು ಪಾಠ ಹೇಳುತ್ತಾರೆ, ಹುಡುಗ ಕಲಿತು ಹೊರಟುಹೋಗುತ್ತಾನೆ, ಮೇಷ್ಟರಿಗೆ ಅದರಿಂದ ನಷ್ಟವಾಯಿತೆಂದು ಯಾರೂ ಹೇಳುವುದಿಲ್ಲ. ಮುಂದಿನ ಜೂನ್‌ನಲ್ಲಿ ಹೊಸ ತರಗತಿ ಬರುತ್ತದೆ. ಆದರೆ ಪ್ರತಿ ವರ್ಷದ ತರಗತಿ ಹಿಂದಿನದಕ್ಕಿಂತ ದೊಡ್ಡದಾಗಿರಲೇಬೇಕು ಎಂಬ ಷರತ್ತು ಹಾಕಿದರೆ ಆ ಮೇಷ್ಟರು ಏನು ಮಾಡಿಯಾರು? ಹುಡುಗರು ಬೇಗ ಕಲಿಯದಂತೆ ನೋಡಿಕೊಳ್ಳುವ ಮನಸ್ಸಾದರೂ ಆಶ್ಚರ್ಯವಿಲ್ಲ. ಸಲಹಾ ಸಂಸ್ಥೆಗಳ ಲೋಕದಲ್ಲಿ ಗಿರಾಕಿ ಎಂದೆಂದಿಗೂ ತನ್ನ ಕಾಲ ಮೇಲೆ ನಿಲ್ಲದಂತೆ ನೋಡಿಕೊಳ್ಳುವುದು ಲಾಭದ ದಾರಿಯೇ. ತನ್ನ ಕೈಪಿಡಿಯನ್ನು ಉಚಿತವಾಗಿ ಹಂಚಿದ ಸಂಸ್ಥೆ ಕನಿಷ್ಠ ಆ ದಾರಿ ಹಿಡಿಯಲಿಲ್ಲ. ಅದು ಕುಗ್ಗಿದ್ದನ್ನು ಸೋಲು ಎಂದು ಪತ್ರಿಕೆಗಳು ಬರೆದವು. ನಮಗೆ ಆ ಪದ ಅಷ್ಟು ಸರಿಯೆನಿಸುವುದಿಲ್ಲ. ಆದರೆ ಗೆಲುವು ಎನ್ನಲೂ ಬಾಯಿ ಬರುವುದಿಲ್ಲ. ಅದರ ಬೆಲೆ ತೆತ್ತವರು ಕೈಪಿಡಿ ಹಂಚುವ ತೀರ್ಮಾನ ಮಾಡಿದವರಲ್ಲ, ಎಷ್ಟೋ ವರ್ಷಗಳ ನಂತರ ಸೇರಿದ ಎಳೆಯರು.

ಹಾಗಾಗಿ ಹೊಸ ಮುಖ್ಯಸ್ಥರನ್ನು ಕೇಳಬೇಕಾದ ಪ್ರಶ್ನೆ ಬದಲಾಗಬೇಕು. ಯಾವ ಗಿರಾಕಿಯನ್ನು ಕಳೆದ ವರ್ಷ ಬಾಗಿಲಿನಿಂದಲೇ ಕಳುಹಿಸಿದಿರಿ? ಕೆಲಸ ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಮೇಲಿನವರ ಪಾಲಿಗೋ, ಮೊನ್ನೆ ಸೇರಿದವರ ಸಂಬಳಕ್ಕೋ? ಏರುವ ವರ್ಷಗಳಲ್ಲಿ, ಇಳಿದಾಗ ಸಾಕಲಾಗದಷ್ಟು ಮಂದಿಯನ್ನು ಸೇರಿಸಿಕೊಳ್ಳದಿರುವ ಸಂಯಮ ನಿಮಗಿದೆಯೇ? ಇವಕ್ಕೆ ಸಮತೋಲನ ಎಂಬ ಒಂದೇ ಪದದಲ್ಲಿ ಉತ್ತರ ಹೇಳಲಾಗುವುದಿಲ್ಲ. ಹೆಸರು, ದಿನಾಂಕ, ಅಂಕಿ ಬೇಕಾಗುತ್ತದೆ.

2025ರಲ್ಲಿ ಐಡಿಯೋದ ಮುಖ್ಯಸ್ಥರಾದವರು ಮೈಕ್ ಪೆಂಗ್. ಅವರು ಈ ಸಂಸ್ಥೆಗೆ ಹೊಸಬರಲ್ಲ. ಹಿಂದೆ ಇಲ್ಲಿಯೇ ದುಡಿದು, ಟೋಕಿಯೋ ಕಚೇರಿಯನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದು, ಬಳಿಕ ಹೊರಹೋಗಿದ್ದವರು. ಅವರು ಮರಳಿ ಬರುವ ಹೊತ್ತಿಗೆ ಆ ಕಚೇರಿ ಮುಚ್ಚಿತ್ತು.